ಗುಲಾಬಿ ಬಣ್ಣದ ಮೇಣದಬತ್ತಿ

ಮಕ್ಕಳೇ, ಕಳೆದ ವರ್ಷ ಡಿಸೆಂಬರ್ ಹೊತ್ತಿಗೆ ನಮ್ಮ ಮನೆಗೆ ನಾಲ್ಕು ಮೇಣದಬತ್ತಿಗಳ ಒಂದು ಪೊಟ್ಟಣ ಬಂತು. ಮೂರು ನೇರಳೆ ಬಣ್ಣದವು, ಒಂದು ಮಾತ್ರ ಗುಲಾಬಿ ಬಣ್ಣದ್ದು. ಬಿಚ್ಚಿ ನೋಡಿದ ಕೂಡಲೇ ಐದನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು, “ತಾತ, ಅಂಗಡಿಯವರು ಒಂದನ್ನು ತಪ್ಪಾಗಿ ಕೊಟ್ಟುಬಿಟ್ಟಿದ್ದಾರೆ. ಬಾ, ಹೋಗಿ ಬದಲಾಯಿಸಿಕೊಂಡು ಬರೋಣ” ಎಂದಳು.

ಅಂಗಡಿಯವರದು ತಪ್ಪಲ್ಲ ಅಂದೆ. “ಮತ್ತೆ ಯಾಕೆ ಹೀಗೆ?” ಅಂತ ಕೇಳಿದಳು. ಚಿಕ್ಕ ಪ್ರಶ್ನೆ. ಆದರೆ ಅದಕ್ಕೆ ಸರಿಯಾದ ಉತ್ತರ ಸಿಗಲು ನನಗೆ ಕ್ರಿಸ್‌ಮಸ್ ರಾತ್ರಿಯವರೆಗೂ ಬೇಕಾಯಿತು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಆ ವರ್ಷ ಜುಲೈ ತಿಂಗಳಲ್ಲಿ ನಮ್ಮ ಮನೆಯಾಕೆ, ಅಂದರೆ ಮಕ್ಕಳ ಅಜ್ಜಿ, ತೀರಿಕೊಂಡಿದ್ದಳು. ಹಿರಿಯರು ಹೋದ ವರ್ಷ ಹಬ್ಬದ ಸಡಗರ ಬೇಡ ಅನ್ನುವ ರೂಢಿ ನಮ್ಮ ಮೈಸೂರು ಸೀಮೆಯ ಹಲವು ಮನೆಗಳಲ್ಲಿದೆ. ಹಿಂದೂಗಳ ಮನೆಯಲ್ಲೂ ಇದೆ, ನಮ್ಮಂಥ ಕ್ರೈಸ್ತರ ಮನೆಯಲ್ಲೂ ಇದೆ. ಮಗ ನವೆಂಬರ್ ಕೊನೆಯಲ್ಲೇ ಹೇಳಿದ: “ಅಪ್ಪ, ಈ ಸಲ ನಕ್ಷತ್ರ ಬೇಡ, ತಿಂಡಿ ಬೇಡ. ಚರ್ಚಿಗೆ ಹೋಗಿ ಬರೋಣ, ಸಾಕು.” ನಾನೂ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೆ ಅದೇ ಬೇಕಿತ್ತು. ಅಟ್ಟದ ಮೇಲಿನ ನಕ್ಷತ್ರದ ಕಡೆ ತಲೆ ಎತ್ತಿ ನೋಡುವುದಕ್ಕೂ ಮನಸ್ಸಿರಲಿಲ್ಲ.

ಆದರೆ ಮಕ್ಕಳ ಕೈ ಸುಮ್ಮನಿರುತ್ತದೆಯೇ? ಧರ್ಮೋಪದೇಶದ ತರಗತಿಯಲ್ಲಿ ಕಲಿತು ಬಂದ ಮೊಮ್ಮಗಳು ಒಂದು ಹಳೆಯ ಸ್ಟೀಲ್ ತಟ್ಟೆ ತಂದಳು. ಪಾರ್ಕಿನಲ್ಲಿ ಬಿದ್ದಿದ್ದ ಸರ್ವೆ ಮರದ ಎಳೆಗಳನ್ನು ಆರಿಸಿ ತಂದು, ಬಿಂದಿಗೆಯ ಕೆಳಗೆ ಇಡುವ ಸಿಂಬೆಯ ಹಾಗೆ ದುಂಡಗೆ ಸುತ್ತಿದಳು. ಅದರ ನಡುನಡುವೆ ನಾಲ್ಕು ಮೇಣದಬತ್ತಿ ನಿಲ್ಲಿಸಿದಳು. “ಇದು ಅಲಂಕಾರ ಅಲ್ಲ ತಾತ, ಪ್ರಾರ್ಥನೆ. ಅಪ್ಪ ಬೈಯಲ್ಲ” ಎಂದು ಮೊದಲೇ ವಾದ ಮಂಡಿಸಿದಳು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ದಿನಗಳಿಗೆ ನಾವು ಆಗಮನ ಕಾಲ ಎನ್ನುತ್ತೇವೆ. ಬರುವವರಿಗಾಗಿ ಕಾಯುವ ಕಾಲ. ಮೊದಲ ಭಾನುವಾರ ಒಂದು ಬತ್ತಿ, ಎರಡನೇ ಭಾನುವಾರ ಎರಡು, ಹೀಗೆ ಹಚ್ಚುತ್ತಾ ಹೋಗುತ್ತೇವೆ. ಈ ಪದ್ಧತಿ ಹುಟ್ಟಿದ ಕಥೆ ನಿಮಗೆ ಇಷ್ಟವಾಗಬಹುದು. ಜರ್ಮನಿಯ ಹ್ಯಾಂಬರ್ಗ್ ಊರಿನಲ್ಲಿ ಯೋಹಾನ್ ವಿಖರ್ನ್ ಎಂಬವರು ಬಡ ಮಕ್ಕಳಿಗಾಗಿ ಒಂದು ಆಶ್ರಯ ನಡೆಸುತ್ತಿದ್ದರು. ಆ ಮಕ್ಕಳು ದಿನಾ ಬೆಳಗಾದರೆ “ಕ್ರಿಸ್‌ಮಸ್ ಬಂತಾ? ಇನ್ನೆಷ್ಟು ದಿನ?” ಎಂದು ಕೇಳುತ್ತಿದ್ದರಂತೆ. 1839ರಲ್ಲಿ ಅವರು ಹಳೆಯ ಗಾಡಿಯ ಚಕ್ರವೊಂದನ್ನು ತಂದು, ಅದರ ಮೇಲೆ ವಾರದ ದಿನಗಳಿಗೆ ಸಣ್ಣ ಬತ್ತಿ, ಭಾನುವಾರಗಳಿಗೆ ದೊಡ್ಡ ಬತ್ತಿ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದರು. ಕಾಯುವುದು ಎಷ್ಟು ಉಳಿದಿದೆ ಎಂದು ಮಕ್ಕಳು ತಾವೇ ಎಣಿಸಿಕೊಳ್ಳಲಿ ಅಂತ. ಮುಂದೆ ಅದು ಮನೆಮನೆಗೂ ಬಂದು ನಾಲ್ಕು ಬತ್ತಿಗಳಿಗೆ ಇಳಿಯಿತು.

ನೇರಳೆ ಬಣ್ಣ ನಮ್ಮಲ್ಲಿ ಪಶ್ಚಾತ್ತಾಪದ, ಕಾಯುವಿಕೆಯ ಬಣ್ಣ. ಆಗಮನ ಕಾಲದಲ್ಲಿ ಚರ್ಚಿನ ಗುರುಗಳು ಬಲಿಪೂಜೆಗೆ ತೊಡುವ ನಿಲುವಂಗಿಯೂ ಅದೇ ಬಣ್ಣದ್ದು. ಆದರೆ ಮೂರನೇ ಭಾನುವಾರ ಮಾತ್ರ ಗುಲಾಬಿ. ಆ ಭಾನುವಾರಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಗೌದೆತೆ’ ಎಂದು ಹೆಸರು. ಸಂತೋಷಪಡಿರಿ ಎಂದು ಅರ್ಥ. ಸಂತ ಪೌಲರು ಫಿಲಿಪ್ಪಿ ಎಂಬ ಊರಿನ ಕ್ರೈಸ್ತರಿಗೆ ಬರೆದ ಪತ್ರದಿಂದ ಬಂದ ಮಾತು ಅದು.

ಇಷ್ಟನ್ನು ಮೊಮ್ಮಗಳಿಗೆ ಹೇಳಿ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಅವಳು ಗುಲಾಬಿ ಬತ್ತಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದಳು: “ಅಜ್ಜಿ ಇಲ್ಲ ಅಲ್ವಾ ತಾತ. ಸಂತೋಷಪಡಬಹುದಾ?”

ನನಗೆ ಉತ್ತರ ಬರಲಿಲ್ಲ. “ನೋಡೋಣ ಇರು” ಎಂದು ಹೊರಗೆ ಬಂದು ಜಗಲಿಯ ಮೇಲೆ ಕೂತೆ.

ಆ ರಾತ್ರಿ ಪೌಲರ ಪತ್ರವನ್ನು ತೆಗೆದು ಮತ್ತೆ ಓದಿದೆ. ನಾಲ್ಕೇ ಅಧ್ಯಾಯಗಳ ಚಿಕ್ಕ ಪತ್ರ. ಅದರ ತುಂಬ ಸಂತೋಷದ ಮಾತು. ಆದರೆ ಅದನ್ನು ಬರೆದಾಗ ಅವರು ಎಲ್ಲಿದ್ದರು ಗೊತ್ತೇ? ಸೆರೆಮನೆಯಲ್ಲಿ. ಬಿಡುಗಡೆಯಾಗುತ್ತದೋ ಪ್ರಾಣವೇ ಹೋಗುತ್ತದೋ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಹಲವಾರು ಸಲ ಓದಿದ್ದ ಪತ್ರವೇ ಅದು. ಸೆರೆಯಲ್ಲಿದ್ದ ಮನುಷ್ಯ ಹೊರಗಿದ್ದವರಿಗೆ ಸಂತೋಷಪಡಿ ಎಂದು ಬರೆಯುವುದು ಎಷ್ಟು ವಿಚಿತ್ರ ಎಂದು ಅಂದೇ ಅನ್ನಿಸಿದ್ದು. ಆದರೂ ಅದು ಪೌಲರ ಮಾತಾಯಿತು. ನನ್ನದಾಗಿರಲಿಲ್ಲ.

ಮೂರನೇ ಭಾನುವಾರ ಗುಲಾಬಿ ಬತ್ತಿ ಹಚ್ಚಿದೆವು. ಮೊಮ್ಮಗಳು ಪ್ರಾರ್ಥನೆ ಓದಿದಳು, ಆರು ವರ್ಷದ ಅವಳ ತಮ್ಮ ಕಡ್ಡಿ ಗೀರಿದ. ನನ್ನೊಳಗೆ ಏನೂ ಹೊತ್ತಿಕೊಳ್ಳಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ನಂಬಿಕೆ ಇರುವವರಿಗೆಲ್ಲ ಹಬ್ಬದ ದಿನ ತಾನಾಗಿ ಮನಸ್ಸು ಅರಳುತ್ತದೆ ಎಂದು ನೀವು ತಿಳಿಯಬಾರದು, ಅದಕ್ಕೇ ಹೇಳುತ್ತಿದ್ದೇನೆ.

ಅಷ್ಟರಲ್ಲಿ ತಮ್ಮ ಮತ್ತೊಂದು ಬೇಡಿಕೆ ಇಟ್ಟ. “ಗೋದಲಿ ಮಾಡೋಣ.” ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗದೆ ಮರಿಯಮ್ಮನವರು ತಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು ಎಂದು ಸಂತ ಲೂಕರು ಬರೆದಿದ್ದಾರೆ. ಅದನ್ನೇ ಮಣ್ಣಿನ ಬೊಂಬೆಗಳಲ್ಲಿ ಜೋಡಿಸಿಡುತ್ತೇವೆ. ಗೋದಲಿ ಪ್ರಾರ್ಥನೆಯಾ, ಅಲಂಕಾರವಾ ಎಂದು ಅಪ್ಪ ಮಕ್ಕಳ ನಡುವೆ ವಾದ ನಡೆದು, ಕೊನೆಗೆ ಮಗ ಸೋತು, “ಒಳಗಡೆ, ಚಿಕ್ಕದಾಗಿ” ಎಂದು ಒಪ್ಪಿಕೊಂಡ.

ನಮ್ಮ ಮನೆಯ ಗೋದಲಿಗೆ ಹುಲ್ಲುಗಾವಲು ಬೇಕೇ ಬೇಕು. ಅದಕ್ಕಾಗಿ ಅಜ್ಜಿ ಪ್ರತಿ ವರ್ಷ ತಟ್ಟೆಯಲ್ಲಿ ರಾಗಿ ಪೈರು ಬೆಳೆಸುತ್ತಿದ್ದಳು. ನಾನು ಎರಡನೇ ವಾರವೇ ಸದ್ದಿಲ್ಲದೆ ಒಂದು ತಟ್ಟೆಯಲ್ಲಿ ಅಡುಗೆ ಮನೆಯ ರಾಗಿ ಹಾಕಿ ನೋಡಿದ್ದೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಸುರಿದೆ. ನಾಲ್ಕು ದಿನಕ್ಕೆ ಕೊಳೆತು ನಾರಿತು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ನೋಡಿ ನಕ್ಕರು. “ಅಯ್ಯೋ, ಹಾಗಲ್ಲ. ಒಂದು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದ ಮೇಲೆ ಮಣ್ಣಿಗೆ ಒಣಗಿದ ಸಗಣಿ ಪುಡಿ ಬೆರೆಸಿ, ಮೇಲೆ ಉದುರಿಸಿ. ನೀರು ಕೈಯಲ್ಲಿ ಚಿಮುಕಿಸಿ, ಸಾಕು. ನಿಮ್ಮ ಮನೆಯವರೇ ನನಗೆ ಹೇಳಿಕೊಟ್ಟಿದ್ದು” ಎಂದರು. ಯುಗಾದಿಗೆ ಅವರ ಮನೆಯಿಂದ ಹೋಳಿಗೆ ಬರುತ್ತಿತ್ತು, ಕ್ರಿಸ್‌ಮಸ್‌ಗೆ ನಮ್ಮ ಮನೆಯಿಂದ ಕಜ್ಜಾಯ ಹೋಗುತ್ತಿತ್ತು. ಅದರ ಜೊತೆಗೆ ಇಂಥ ವಿದ್ಯೆಯೂ ಕಾಂಪೌಂಡ್ ದಾಟಿದ್ದು ನನಗೆ ತಿಳಿದಿರಲಿಲ್ಲ.

ಬೊಂಬೆಗಳನ್ನು ಟ್ರಂಕಿನಿಂದ ತೆಗೆದೆವು. ಪ್ರತಿಯೊಂದನ್ನೂ ಅವಳು ತನ್ನ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದಳು. ಮರಿಯಮ್ಮ ಸಿಕ್ಕರು, ಜೋಸೆಫರು ಸಿಕ್ಕರು, ಕುರುಬರು, ಕುರಿಗಳು, ಎತ್ತು, ಕತ್ತೆ, ಮೂವರು ಜ್ಞಾನಿಗಳು, ಎಲ್ಲರೂ ಸಿಕ್ಕರು. ಬಾಲಯೇಸು ಮಾತ್ರ ಇಲ್ಲ. ಟ್ರಂಕಿನ ತಳ, ಅಟ್ಟ, ಬೀರು, ಎಲ್ಲ ಹುಡುಕಿದೆವು. ಕೊನೆಗೆ ಬಿತ್ತನೆಗೆಂದು ಅವಳು ಬೇರೆಯಾಗಿ ಇಟ್ಟಿದ್ದ ರಾಗಿ ಡಬ್ಬ ನೆನಪಾಗಿ ಕೆಳಗಿಳಿಸಿದೆ. ಮೊಮ್ಮಗ ಮೊಣಕೈವರೆಗೆ ಕೈ ಹಾಕಿ, “ತಾತ, ಏನೋ ಗಟ್ಟಿಯಾಗಿದೆ” ಎಂದ. ಎಳೆದ. ಪುಟ್ಟ ಬಾಲಯೇಸು ರಾಗಿ ಉದುರಿಸುತ್ತಾ ಮೇಲೆ ಬಂದ. ಎಲ್ಲಕ್ಕಿಂತ ಚಿಕ್ಕ ಬೊಂಬೆ ಅದು. ಒಡೆಯಬಾರದು ಅಂತ ಅವಳು ರಾಗಿಯೊಳಗೆ ಹೂತಿಟ್ಟಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಅದನ್ನು ನೋಡಿರಲಿಲ್ಲ. ಮಗುವನ್ನು ಗೋದಲಿಯಲ್ಲಿ ಇಡುವುದು 24ರ ರಾತ್ರಿ ಮಾತ್ರ. ಅದು ಅವಳ ಕೆಲಸವಾಗಿತ್ತು.

ಗೋದಲಿ ಕಟ್ಟುವಾಗ ಮೊಮ್ಮಗ, “ಮೊಟ್ಟಮೊದಲು ಗೋದಲಿ ಮಾಡಿದ್ದು ಯಾರು?” ಎಂದು ಕೇಳಿದ. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಬೆತ್ಲೆಹೇಮಿನ ದೃಶ್ಯವನ್ನು ಹೀಗೆ ಕಣ್ಣಿಗೆ ಕಟ್ಟುವಂತೆ ತೋರಿಸಿ ಹೆಸರಾದವರು ಅಸ್ಸಿಸಿಯ ಸಂತ ಫ್ರಾನ್ಸಿಸರು. ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ, 1223ರಲ್ಲಿ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಅವರು ಅಲ್ಲಿನ ಗೆಳೆಯರೊಬ್ಬರಿಗೆ ಹೇಳಿ ಕಳಿಸಿದರು: ಒಂದು ಗೋದಲಿ ಇಡಿಸಿ, ಹುಲ್ಲು ತರಿಸಿ, ಒಂದು ಎತ್ತು ಮತ್ತು ಒಂದು ಕತ್ತೆಯನ್ನು ಕಟ್ಟಿಸಿ. ಆ ಮಗು ಎಂಥ ಕಷ್ಟದಲ್ಲಿ ಹುಟ್ಟಿತು ಎಂಬುದನ್ನು ಕಣ್ಣಾರೆ ನೋಡಬೇಕು ಎಂಬುದು ಅವರ ಆಸೆ. ರಾತ್ರಿ ಊರ ಜನ ಪಂಜು ಹಿಡಿದು ಬಂದರು, ಹುಲ್ಲಿನ ಗೋದಲಿಯ ಬಳಿ ಬಲಿಪೂಜೆ ನಡೆಯಿತು. ಸಂತ ಲೂಕರು ಎತ್ತು, ಕತ್ತೆಯ ಹೆಸರನ್ನೇ ಎತ್ತಿಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ಅವೆರಡೂ ಗೋದಲಿಯ ಜೊತೆ ಆಮೇಲೆ ಬಂದು ಸೇರಿಕೊಂಡವು. ಫ್ರಾನ್ಸಿಸರ ಆರೋಗ್ಯ ಆ ಹೊತ್ತಿಗೇ ಕೆಟ್ಟಿತ್ತು, ಕಣ್ಣಿನ ಬೇನೆ ಕಾಡುತ್ತಿತ್ತು. ಮೂರು ವರ್ಷಕ್ಕೆ, 1226ರಲ್ಲಿ, ಅವರು ತೀರಿಕೊಂಡರು. ಆದರೂ ಗ್ರೆಚ್ಚೊದ ರಾತ್ರಿ ಅವರು ಸಂತೋಷದಿಂದ ತುಂಬಿಹೋಗಿದ್ದರೆಂದು ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ.

ಮೊಮ್ಮಗಳು ಇದನ್ನೆಲ್ಲ ಕೇಳಿ ನನ್ನ ಮುಖವನ್ನೇ ನೋಡಿದಳು. ತನ್ನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಆದರೆ ಮರೆತೂ ಇರಲಿಲ್ಲ.

24ನೇ ತಾರೀಕು ಸಂಜೆ ಸೊಸೆ, ಮಕ್ಕಳ ಆಸೆಗೆ ಅಂತ, ಸ್ವಲ್ಪವೇ ಕಜ್ಜಾಯಕ್ಕೆ ಕೈಹಾಕಿದಳು. ಪಾಕದ ಹದ ತಪ್ಪಿತು. ಹಲವು ಎಣ್ಣೆಯಲ್ಲೇ ಬಿರಿದು ಪುಡಿಯಾದವು. ನೆಟ್ಟಗೆ ಉಳಿದದ್ದು ಏಳೋ ಎಂಟೋ. ಅವುಗಳನ್ನು ಡಬ್ಬದಲ್ಲಿ ಮುಚ್ಚಿಟ್ಟು, ರಾತ್ರಿ ಹನ್ನೊಂದಕ್ಕೆ ಎಲ್ಲರೂ ಸಂತ ಫಿಲೋಮಿನಾ ಚರ್ಚಿಗೆ ಹೊರಟೆವು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1933ರಲ್ಲಿ ಅಡಿಗಲ್ಲು ಹಾಕಿದ ಚರ್ಚು ಅದು. ಅವಳಿ ಗೋಪುರಗಳು ದೂರದಿಂದಲೇ ಕಾಣುತ್ತವೆ. ಕ್ರಿಸ್‌ಮಸ್‌ಗೆ ಅಲ್ಲಿ ಕ್ರೈಸ್ತರಷ್ಟೇ ಅಲ್ಲ, ಊರಿನ ಎಲ್ಲ ಬಗೆಯ ಜನರೂ ಗೋದಲಿ ನೋಡಲು ಬರುತ್ತಾರೆ. ಅಂದೂ ಜನ ತುಂಬಿದ್ದರು. ಮಧ್ಯರಾತ್ರಿ ಗಂಟೆ ಬಾರಿಸಿತು. ಶುಭಸಂದೇಶದಲ್ಲಿ ಕುರುಬರ ಕಥೆ ಬಂತು. ರಾತ್ರಿಯಲ್ಲಿ ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ ದೇವದೂತ ಸಂತೋಷದ ಸುದ್ದಿ ತಂದ, ಅವರು ಓಡಿಹೋಗಿ ಮಗುವನ್ನು ನೋಡಿದರು, ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು.

ಹಿಂದಿರುಗಿದರು ಎಂಬ ಮಾತು ಅಂದು ನನ್ನ ಕಿವಿಯಲ್ಲಿ ನಿಂತಿತು. ಅವರು ಹಿಂದಿರುಗಿದ್ದು ಎಲ್ಲಿಗೆ? ಅದೇ ಕುರಿಗಳ ಬಳಿಗೆ, ಅದೇ ಚಳಿಗೆ. ಅವರ ಬಡತನ ಹೋಗಲಿಲ್ಲ. ಕತ್ತಲೆಯೂ ಹೋಗಲಿಲ್ಲ. ಬೆಳಗಾಗಲು ಇನ್ನೂ ಹೊತ್ತಿತ್ತು. ಆದರೂ ಸಂತೋಷದಿಂದ ಹೋದರು. ಯಾಕೆಂದರೆ ಆ ಕತ್ತಲೆಯಲ್ಲಿ ತಾವು ಒಂಟಿಯಲ್ಲ ಎಂದು ಅವರಿಗೆ ಗೊತ್ತಾಗಿತ್ತು. ನಾವು ಯೇಸುವನ್ನು ಇಮ್ಮಾನುವೇಲ್ ಎಂದೂ ಕರೆಯುತ್ತೇವೆ. ದೇವರು ನಮ್ಮೊಡನೆ ಇದ್ದಾನೆ ಎಂದು ಆ ಹೆಸರಿನ ಅರ್ಥ. ಕಷ್ಟ ತೀರಿದ ಮೇಲೆ ಬರುವ ದೇವರಲ್ಲ, ದನದ ಕೊಟ್ಟಿಗೆಯಂಥ ಕಡೆಗೂ ಬರುವ ದೇವರು. ಇದನ್ನು ಚಿಕ್ಕಂದಿನಿಂದ ಬಾಯಲ್ಲಿ ಹೇಳುತ್ತಾ ಬಂದಿದ್ದೇನೆ. ಪಕ್ಕದ ಜಾಗ ಖಾಲಿಯಾದ ಮೇಲೆ ಅದನ್ನು ಕೇಳಿಸಿಕೊಂಡದ್ದು ಅದೇ ಮೊದಲು.

ಬಲಿಪೂಜೆ ಮುಗಿಸಿ ನಡೆದುಕೊಂಡು ಮನೆ ಕಡೆ ಬಂದಾಗ ಒಂದೂವರೆ ದಾಟಿತ್ತು. ನಮ್ಮ ಬೀದಿಯ ತಿರುವಿನಲ್ಲಿ ಒಂದು ಸಾಲು ಅಂಗಡಿಗಳಿವೆ. ಅವನ್ನು ರಾತ್ರಿ ಕಾಯುವ ವಾಚ್‌ಮನ್ ಒಬ್ಬರಿದ್ದಾರೆ, ನನಗಿಂತ ಸ್ವಲ್ಪ ಚಿಕ್ಕವರು. ರಟ್ಟು, ತರಗೆಲೆ ಸೇರಿಸಿ ಬೆಂಕಿ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿ ಕೂತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು.

“ಹಬ್ಬ ಆಯ್ತಾ ಸ್ವಾಮಿ?”

“ಆಯ್ತಪ್ಪ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಅಮ್ಮಾವ್ರು ಚರ್ಚಿಂದ ಬಂದೋರೇ ಮೊದಲು ನನಗೆ ಒಂದು ತಟ್ಟೆ ತಂದುಕೊಡೋರು. ಈಗ ನಾನೇನೂ ಕೇಳ್ತಾ ಇಲ್ಲ ಸ್ವಾಮಿ, ತಪ್ಪು ತಿಳ್ಕೋಬೇಡಿ. ನಿಮ್ಮ ಮನೆ ನಕ್ಷತ್ರ ಕಾಣಲಿಲ್ಲವಲ್ಲ, ಅದೇ ಒಂಥರಾ ಆಗ್ತಿತ್ತು. ಪ್ರತಿ ವರ್ಷ ಈ ತಿಂಗಳು ರಾತ್ರಿಯೆಲ್ಲ ಅದನ್ನ ನೋಡ್ಕೊಂಡು ಸುತ್ತೋನು ನಾನು. ಎಲ್ಲರೂ ಮಲಗಿದ ಮೇಲೆ ಈ ಬೀದೀಲಿ ಅದೊಂದೇ ಎಚ್ಚರವಾಗಿರ್ತಿತ್ತು.”

ನಾನು ನಿಂತಲ್ಲೇ ನಿಂತೆ. ತಟ್ಟೆಯ ವಿಷಯ ನನಗೆ ಗೊತ್ತಿತ್ತು, ಆದರೆ ದುಃಖದಲ್ಲಿ ಅದನ್ನು ಪೂರ್ತಿ ಮರೆತಿದ್ದೆ. ನಕ್ಷತ್ರದ ವಿಷಯ ಮಾತ್ರ ಗೊತ್ತೇ ಇರಲಿಲ್ಲ. ಅದು ನಮ್ಮ ಮನೆಯ ಸಡಗರ, ಬೇಕಾದರೆ ಹಚ್ಚುತ್ತೇವೆ, ಬೇಡವಾದರೆ ಇಲ್ಲ ಅಂದುಕೊಂಡಿದ್ದೆ. ನಮ್ಮ ಬೀದಿಯಲ್ಲೂ ರಾತ್ರಿ ಕಾಯುವವರು ಒಬ್ಬರಿದ್ದಾರೆ, ಅವರೂ ಆ ಬೆಳಕನ್ನು ನೋಡುತ್ತಾರೆ ಎಂದು ಯೋಚಿಸಿಯೇ ಇರಲಿಲ್ಲ.

ಮಗನ ಮುಖ ನೋಡಿದೆ. ಅವನು ಏನೂ ಹೇಳದೆ ಬಿರಬಿರನೆ ಮನೆ ಕಡೆ ನಡೆದ. ನಾವು ಹೋಗಿ ಸೇರುವಷ್ಟರಲ್ಲಿ ಅಟ್ಟಕ್ಕೆ ಏಣಿ ಹಾಕಿದ್ದ. ನಕ್ಷತ್ರದ ಧೂಳು ಕೊಡವಿ, ಹರಿದ ಒಂದು ಮೂಲೆಗೆ ಸೊಸೆ ಅಂಟು ಹಚ್ಚಿದಳು. ಬಲ್ಬು ಹೋಗಿತ್ತು. ಬಚ್ಚಲ ಮನೆಯದನ್ನೇ ಬಿಚ್ಚಿ ಹಾಕಿದೆವು. ರಾತ್ರಿ ಎರಡು ಗಂಟೆಗೆ ನಮ್ಮ ಮನೆಯ ಮುಂದೆ ನಕ್ಷತ್ರ ಹೊತ್ತಿತು. ಬೀದಿಯ ತಿರುವಿನಿಂದ ವಾಚ್‌ಮನ್ ಟಾರ್ಚನ್ನು ಎರಡು ಸಲ ಆಡಿಸಿ ತೋರಿಸಿದರು.

ಮೊಮ್ಮಗಳು ಆ ಏಳೆಂಟು ಕಜ್ಜಾಯದಲ್ಲಿ ನಾಲ್ಕನ್ನು ತಟ್ಟೆಗೆ ಹಾಕಿಕೊಂಡಳು. ನಾನೂ ಅವಳೂ ಹೋಗಿ ಕೊಟ್ಟೆವು. ಅವರು ಒಂದನ್ನು ಅಲ್ಲೇ ಮುರಿದು ಬಾಯಿಗಿಟ್ಟು, “ಅಮ್ಮಾವ್ರ ಹದ ಇಲ್ಲ” ಎಂದರು. ಆಮೇಲೆ, “ಆದ್ರೂ ಚೆನ್ನಾಗಿದೆ” ಎಂದು ಇನ್ನೊಂದನ್ನು ಎತ್ತಿಕೊಂಡರು. ಮೂವರೂ ನಕ್ಕೆವು. ಜುಲೈ ಆದ ಮೇಲೆ ನಾನು ಬಾಯಿ ತುಂಬ ನಕ್ಕಿದ್ದು ಅಂದೇ. ನಗುವಾಗಲೇ ಕಣ್ಣಲ್ಲಿ ನೀರೂ ಬಂತು. ಎರಡೂ ಒಟ್ಟಿಗೆ ಇರಬಹುದು ಎಂದು ಅಷ್ಟು ವಯಸ್ಸಾದ ಮೇಲೆ ತಿಳಿಯಿತು.

ಮನೆಗೆ ಬಂದು ಬಾಲಯೇಸುವನ್ನು ಗೋದಲಿಯಲ್ಲಿ ಇಟ್ಟೆವು. ಸುತ್ತಲೂ ಎರಡು ಬೆರಳು ಎತ್ತರದ ರಾಗಿ ಪೈರು ಹಸಿರಾಗಿ ನಿಂತಿತ್ತು. ಬೊಂಬೆಯ ಮಡಿಕೆಗಳಲ್ಲಿ ಸಿಕ್ಕಿಕೊಂಡಿದ್ದ ಒಂದೆರಡು ರಾಗಿ ಕಾಳು ಇನ್ನೂ ಹಾಗೇ ಇದ್ದವು. ಅವನ್ನು ಒರೆಸಬೇಡ ಎಂದೆ.

ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಳು. “ನೀನು ಅವತ್ತು ಕೇಳಿದೆಯಲ್ಲ ಪುಟ್ಟಿ,” ಎಂದೆ, “ಅಜ್ಜಿ ಇಲ್ಲದೆ ಸಂತೋಷಪಡಬಹುದಾ ಅಂತ. ಪಡಬಹುದು. ಅಜ್ಜಿಯನ್ನು ಮರೆತರೆ ಬರುವ ಸಂತೋಷ ಅಲ್ಲ ಇದು. ಅಜ್ಜಿ ಮಾಡುತ್ತಿದ್ದದ್ದನ್ನು ನಾವು ಮಾಡಿದರೆ ಬರುತ್ತೆ. ಅಜ್ಜಿ ಈಗ ಯಾರ ಹತ್ತಿರ ಇದ್ದಾಳೋ ಅವನು ನಮ್ಮ ಹತ್ತಿರವೂ ಇದ್ದಾನೆ ಅಂತ ನಂಬಿದರೆ ಉಳಿಯುತ್ತೆ. ಅದಕ್ಕೇ ಗುಲಾಬಿ ಬತ್ತಿಯನ್ನು ಕೊನೆಗೆ ಹಚ್ಚೋದಿಲ್ಲ. ಇನ್ನೂ ಕಾಯುತ್ತಾ ಇರುವಾಗಲೇ, ನೇರಳೆ ಬತ್ತಿಗಳ ನಡುವೆಯೇ ಹಚ್ಚುತ್ತೇವೆ.”

ಅವಳು ಆಕಳಿಸುತ್ತಾ, “ಹಾಗಾದ್ರೆ ಅಂಗಡಿಯವರದ್ದು ತಪ್ಪಿಲ್ಲ” ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ಈ ವರ್ಷ ನಮ್ಮ ನಕ್ಷತ್ರ ಡಿಸೆಂಬರ್ ಒಂದಕ್ಕೇ ಹೊತ್ತಿದೆ. ಬಲ್ಬು ಹೊಸದು. ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ, ಚೊಂಬಿನಲ್ಲಿ ನೀರು ಸುರಿಯುವುದಿಲ್ಲ. ಸೊಸೆ ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿಕೊಂಡು ಪಾಕದ ಹದ ಕಲಿಯುತ್ತಿದ್ದಾಳೆ.

ನಿಮ್ಮ ಮನೆಯ ಹಬ್ಬ ಯಾವುದೇ ಇರಲಿ, ಮಕ್ಕಳೇ, ಈ ವಾರ ಒಂದು ಕೆಲಸ ಮಾಡಿ. ಈಗ ಇಲ್ಲದ ನಿಮ್ಮ ಅಜ್ಜಿಯೋ ತಾತನೋ ಹಬ್ಬದ ದಿನ ಮೊದಲ ತಟ್ಟೆಯನ್ನು ಯಾರಿಗೆ ಕೊಡುತ್ತಿದ್ದರು ಎಂದು ಮನೆಯಲ್ಲಿ ಕೇಳಿ. ಮತ್ತೆ ನನ್ನ ವಯಸ್ಸಿನವರೇ, ಮಕ್ಕಳು ಕೇಳುವ ಮುಂಚೆ ನೀವೇ ನೆನಪು ಮಾಡಿಕೊಂಡಿರಿ. ನನ್ನ ಹಾಗೆ ರಾತ್ರಿ ಒಂದೂವರೆಯವರೆಗೆ ಕಾಯಬೇಡಿ.

ಎಲ್ಲರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು.